ಗೋಳಗುಮ್ಮಟಕ್ಕೆ ಕಿವಿ ಮಷಿನ್ ಹಾಕಿಕೊಂಡು

ವಿಜಯಪುರದ ರೈಲು ನಿಲ್ದಾಣದಿಂದ ಗೋಳಗುಮ್ಮಟ ದೂರವಿಲ್ಲ. 1656ರಲ್ಲಿ ತೀರಿಕೊಂಡ ಸುಲ್ತಾನ ಮೊಹಮ್ಮದ್ ಆದಿಲ್ ಶಾಹನ ಸಮಾಧಿ ಇದು. ಒಳಗಡೆ ಗುಮ್ಮಟದ ವ್ಯಾಸ ಸುಮಾರು 38 ಮೀಟರ್. ಇಷ್ಟಾದರೂ ನಡುವೆ ಒಂದೇ ಒಂದು ಕಂಬವಿಲ್ಲ! ನಾಲ್ಕು ಮೂಲೆಗಳಲ್ಲಿ ಏಳಂತಸ್ತಿನ ಗೋಪುರಗಳು. ಅವುಗಳ ಒಳಗಿನ ಇಕ್ಕಟ್ಟಾದ ಮೆಟ್ಟಿಲು ಹತ್ತಿದರೆ ಗುಮ್ಮಟದ ಬುಡದಲ್ಲಿ ಸುತ್ತಲೂ ಇರುವ ಪಿಸುಮಾತಿನ ಗ್ಯಾಲರಿ ಸಿಗುತ್ತದೆ. ಇಲ್ಲಿ ಗೋಡೆಯ ಹತ್ತಿರ ಪಿಸುಗುಟ್ಟಿದರೆ ಎದುರು ಬದಿಯಲ್ಲಿ ಕಿವಿಗೊಟ್ಟವರಿಗೆ ಕೇಳುತ್ತದೆ. ಬಾಗಿದ ಗೋಡೆ ದನಿಯನ್ನು ಚದುರಲು ಬಿಡದೆ ತನ್ನ ಮೈಗುಂಟ ಸಾಗಿಸುತ್ತದೆ.

ನನಗೆ ಈಗ 72 ವರ್ಷ, ಎರಡೂ ಕಿವಿಗೆ ಮಷಿನ್. "ಕಿವಿ ಕೇಳದವರಿಗೆ ಗೋಳಗುಮ್ಮಟ ಯಾಕ್ರೀ?" ಎಂದು ನೆಂಟರೊಬ್ಬರು ನಕ್ಕಿದ್ದರು. ಆರನೇ ತರಗತಿಯ ಮೊಮ್ಮಗಳು ಮಾತ್ರ, "ನೋಡೇ ಬಿಡೂಣು ಬಾ ಅಜ್ಜಾ" ಎಂದಳು.

ಬೆಳಗ್ಗೆ ಬಾಗಿಲು ತೆರೆಯುತ್ತಲೇ ನಿಧಾನವಾಗಿ ಮೇಲೆ ಹತ್ತಿದೆವು. ಜನ ಇರಲಿಲ್ಲ. ಅವಳು ಆಚೆ ಬದಿಗೆ ಓಡಿ ಗೋಡೆಗೆ ಮುಖ ಮಾಡಿ ಕುಳಿತಳು. ನಾನು ಈಚೆ ಬದಿಯ ಗೋಡೆಗೆ ಆತುಕೊಂಡೆ. ಏನೋ ಸರಸರ ಎಂದಿತು. ದನಿ ಬಂದದ್ದು ನಿಜ, ಮಾತು ತಿಳಿಯಲಿಲ್ಲ. ಕೈಸನ್ನೆ ಮಾಡಿದೆ. ಅವಳು ಬಿಡಿಬಿಡಿಯಾಗಿ ಮತ್ತೆ ಹೇಳಿದಳು: "ಅಜ್ಜಾ... ಹಸಿವು... ಆಗೈತಿ!" ನಗು ತಡೆಯಲಾಗಲಿಲ್ಲ. ನನ್ನ ನಗು ಗುಮ್ಮಟದಲ್ಲಿ ಮತ್ತೆ ಮತ್ತೆ ಮೊಳಗಿತು.

ಅಷ್ಟರಲ್ಲಿ ಶಾಲಾ ಪ್ರವಾಸದ ಮಕ್ಕಳು ಬಂದರು. ಕೇಕೆ, ಸಿಳ್ಳೆ, ಚಪ್ಪಾಳೆ! ಒಂದು ಸದ್ದು ಮುಗಿಯುವ ಮೊದಲೇ ಇನ್ನೊಂದು ಅದರ ಮೇಲೆ ಬೀಳುತ್ತಿತ್ತು. ಮಷಿನ್ ಬೇಕಾದ ಮಾತಿನ ಜೊತೆ ಬೇಡದ ಗದ್ದಲವನ್ನೂ ದೊಡ್ಡದು ಮಾಡುತ್ತದೆ. ಪಕ್ಕದಲ್ಲಿದ್ದ ಮೊಮ್ಮಗಳು ಕೂಗಿದರೂ ಅರ್ಥವಾಗಲಿಲ್ಲ. ಅವಳು ಕೂಗುವುದು ಬಿಟ್ಟು, ನನ್ನ ತೋಳು ಮುಟ್ಟಿ, ಕೆಳಗೆ ಬೆರಳು ತೋರಿಸಿದಳು. ಇಳಿದೆವು.

ತೋಟದ ನೆರಳಿನಲ್ಲಿ ಬುತ್ತಿ ಬಿಚ್ಚಿದಾಗ ಕೇಳಿದಳು, "ಜೋರಾಗಿ ಒದರಿದ್ರೂ ಯಾಕ ಕೇಳ್ಸಲಿಲ್ಲ?"

ಮಕ್ಕಳೇ, ನೀವೂ ತಿಳಿದುಕೊಳ್ಳಿ. ವಯಸ್ಸಾದಂತೆ ಸಾಮಾನ್ಯವಾಗಿ ಮೊದಲು ಮಂಕಾಗುವುದು ತೆಳುವಾದ, ಕೀಚಲು ಸದ್ದುಗಳು. ಸ, ಶ, ತ, ಕ ಇಂಥ ಅಕ್ಷರಗಳು ತಪ್ಪಿಹೋಗುತ್ತವೆ. ಆಗ 'ಕತೆ' ಯಾವುದು, 'ಸತೆ' ಯಾವುದು ತಿಳಿಯದು. ಕಿರುಚಿದರೆ ಸದ್ದು ಹೆಚ್ಚುತ್ತದೆ, ಅಕ್ಷರ ಸ್ಪಷ್ಟವಾಗುವುದಿಲ್ಲ. ಎದುರಿಗೆ ಬನ್ನಿ, ಮುಖದ ಮೇಲೆ ಬೆಳಕಿರಲಿ, ಬಾಯಿಗೆ ಕೈ ಅಡ್ಡ ಬೇಡ. ಒಮ್ಮೆ ತಿಳಿಯದಿದ್ದರೆ ಅದನ್ನೇ ಬೇರೆ ಮಾತಿನಲ್ಲಿ ಹೇಳಿ. "ಏನಿಲ್ಲ ಬಿಡು" ಎಂದು ಮಾತ್ರ ಅನ್ನಬೇಡಿ. ಅಜ್ಜ-ಅಜ್ಜಿಯರೇ, ತಿಳಿಯದೆ ತಲೆಯಾಡಿಸುವ ಬದಲು "ಇನ್ನೊಮ್ಮೆ ಹೇಳು" ಎನ್ನೋಣ. ನಾಚಿಕೆ ಏಕೆ?

ಮಧ್ಯಾಹ್ನ ಬಾರಾ ಕಮಾನ್‌ಗೆ ಹೋದೆವು. ಎರಡನೇ ಅಲಿ ಆದಿಲ್ ಶಾಹ ತನಗಾಗಿ ಆರಂಭಿಸಿದ, ಪೂರ್ತಿಯಾಗದ ಸಮಾಧಿ. ಕಪ್ಪು ಕಲ್ಲಿನ ಕಮಾನುಗಳ ಮೇಲೆ ಛಾವಣಿಯಿಲ್ಲ, ಬರೀ ಆಕಾಶ. ಮಾರ್ದನಿಯ ಕಾಟವೂ ಇಲ್ಲ. ಕಮಾನಿನ ನೆರಳಲ್ಲಿ ಎದುರುಬದುರು ಕುಳಿತು, ಅವಳು ತನ್ನ ಶಾಲೆಯ ಸುದ್ದಿಯನ್ನೆಲ್ಲ ಹೇಳಿದಳು. ಒಂದಕ್ಷರವೂ ತಪ್ಪಲಿಲ್ಲ.