ಪಿಯಾನೋವಿನ ಮೇಲೆ ಮಾಯಾಮಾಳವಗೌಳ

ನಮ್ಮ ಶಾಲೆಯ ಸಂಗೀತದ ಕೋಣೆಯಲ್ಲಿದ್ದ ಪಿಯಾನೋ ವಾದ್ಯವನ್ನು ಮರೆತ ಹಳೆಯ ವಿದ್ಯಾರ್ಥಿನಿಯರು ವಿರಳ. ಬೆಳಗಿನ ಪ್ರಾರ್ಥನೆಗೆ ಅದರ ಧ್ವನಿ ಕೇಳಿಸಿದೊಡನೆ ಮಾತು ನಿಲ್ಲಿಸಿ ಸಾಲುಗಟ್ಟುತ್ತಿದ್ದೆವು. ಅದರ ಮುಂದೆ ಕುಳಿತು ಕಲಿಯುವ ಭಾಗ್ಯವು ಅಕ್ಕತಂಗಿಯರಾದ ನಮಗಿಬ್ಬರಿಗೂ ಲಭಿಸಿದ್ದಿತು. ಆಗ ನಡೆದ ಒಂದು ಸಂಗತಿಯನ್ನು ಇಲ್ಲಿ ಬರೆಯುತ್ತೇವೆ.

ಒಂದು ದಿನ ಪಾಠದ ಪುಸ್ತಕದಲ್ಲಿ ವಿಚಿತ್ರವೆನಿಸುವ ಸ್ವರಶ್ರೇಣಿಗಳ ಪುಟವು ಬಂದಿತು. ಅವುಗಳಲ್ಲಿ ಒಂದರ ಹೆಸರು ಡಬಲ್ ಹಾರ್ಮೋನಿಕ್. ಬೈಜಾಂಟೈನ್ ಶ್ರೇಣಿ, ಅರಬ್ಬೀ ಶ್ರೇಣಿ ಎಂದೂ ಅದನ್ನು ಕರೆಯುವರು. ಪರದೇಶದಿಂದ ಬಂದಿದ್ದ ನಮ್ಮ ಸಂಗೀತದ ಉಪಾಧ್ಯಾಯಿನಿಯವರು ಅದನ್ನು ಮೆಲ್ಲನೆ ನುಡಿಸಿ, "ಮರುಭೂಮಿಯ ಒಂಟೆಗಳ ಸಾಲು ಕಣ್ಣಿಗೆ ಕಟ್ಟುವುದಿಲ್ಲವೇ?" ಎಂದು ಕೇಳಿದರು. ನಮಗೆ ಒಂಟೆ ಕಾಣಲಿಲ್ಲ. ಮುಂಜಾವದ ಚಾಪೆ, ನಿದ್ದೆಗಣ್ಣು, ತಾಯಿಯವರ ವೀಣೆ, ತಪ್ಪಿದಾಗ ತೊಡೆಯ ಮೇಲೆ ಬೀಳುತ್ತಿದ್ದ ಏಟು, ಇವು ಕಂಡವು. ಅದು ನಮ್ಮ ಸರಳೆ ವರಸೆಯ ಮಾಯಾಮಾಳವಗೌಳ! ಎಪ್ಪತ್ತೆರಡು ಮೇಳಗಳಲ್ಲಿ 15ನೆಯದು. ಮಕ್ಕಳ ಮೊದಲ ಪಾಠಕ್ಕೆ ಪುರಂದರದಾಸರೇ ಇದನ್ನು ಆರಿಸಿದರೆಂದು ಸಂಪ್ರದಾಯದ ಮಾತು. ಆದರೂ ನಾವು ಬಾಯಿಬಿಡಲಿಲ್ಲ. ಮನೆಯ ಸಂಗೀತವನ್ನು ಆ ಕೋಣೆಯಲ್ಲಿ ಎತ್ತಬಾರದೆಂದು ಯಾರೂ ಹೇಳಿರಲಿಲ್ಲ. ನಾವೇ ಹಾಗೆ ತೀರ್ಮಾನಿಸಿಕೊಂಡಿದ್ದೆವು.

ಸಂಜೆ ಮನೆಗೆ ಹೋಗಿ ವೀಣೆಯ ಮೆಟ್ಟಿಲುಗಳನ್ನು ಎಣಿಸಿದೆವು. ವೀಣೆಯ 24 ಮೆಟ್ಟಿಲುಗಳೂ ಪಿಯಾನೋವಿನ ಮನೆಗಳಂತೆ ಅರ್ಧರ್ಧ ಸ್ವರದ ಅಂತರದಲ್ಲಿರುವುದರಿಂದ ಲೆಕ್ಕವು ಸುಲಭವಾಯಿತು. ಸಿ ಎಂಬ ಬಿಳಿಯ ಮನೆಯನ್ನು ಷಡ್ಜವೆಂದಿಟ್ಟುಕೊಂಡರೆ ಋಷಭ, ಧೈವತಗಳೆರಡು ಮಾತ್ರ ಕರಿಯ ಮನೆಗಳು. ಸ್ವರಗಳ ನಡುವಿನ ಅಂತರಗಳು 1, 3, 1, 2, 1, 3, 1; ಹಿಂದಿನಿಂದ ಎಣಿಸಿದರೂ ಇದೇ. ಸರಿಗಮ ಬಂದ ಮಗುವಿಗೆ ಪದನಿಸ ಅರ್ಧ ಬಂದಂತೆಯೇ. ಗಮಕವಿಲ್ಲದೆ ನೇರವಾಗಿ ಹಾಡುವ ಪಾಠವಾದುದರಿಂದ ಪಿಯಾನೋವಿಗೂ ಅದು ಒಗ್ಗಿತು. ಬೆಳೆದ ರಾಗವನ್ನು ಆ ವಾದ್ಯದಲ್ಲಿ ನುಡಿಸಹೊರಟರೆ ನಗೆಗೀಡಾದೇವು.

ಕಷ್ಟವು ಕಾರ್ಡುಗಳಲ್ಲಿ ಎದುರಾಯಿತು. ಒಂದು ಸ್ವರ ಬಿಟ್ಟು ಒಂದರಂತೆ ಮೂರನ್ನು ಒಟ್ಟಿಗೆ ಒತ್ತಿದರೆ ಕಾರ್ಡು. ಸ-ಗ-ಪ ಮೇಜರ್, ಅದರ ನೆರೆಯ ರಿ-ಮ-ದ ಸಹ ಮೇಜರ್. ಅರ್ಧ ಸ್ವರದ ಅಂತರದಲ್ಲಿ ಇಂಥ ಎರಡು ಮೇಜರ್ ಕಾರ್ಡುಗಳು ಸಾಧಾರಣ ಮೇಜರ್ ಶ್ರೇಣಿಯಲ್ಲಿ ದೊರೆಯವು. ಗ-ಪ-ನಿ, ಮ-ದ-ಸ ಇವು ಮೈನರ್. ಸ್ತೋತ್ರಗಳು ಸಾಮಾನ್ಯವಾಗಿ ಪಂಚಮದ ಕಾರ್ಡಿನಿಂದ ಷಡ್ಜದ ಕಾರ್ಡಿಗೆ ಬಂದು ಮುಗಿಯುವುವಷ್ಟೆ. ಇಲ್ಲಿ ಪ-ನಿ-ರಿ ಒತ್ತಿದರೆ ರಿ ಒಂದು ಮನೆ ತಗ್ಗಿ, ಕಾರ್ಡು ಕುಂಟುತ್ತದೆ. ಬಹಳ ದಿನ ಹೆಣಗಿದ ಮೇಲೆ ದಾರಿಯು ತೋರಿತು. ರಿ-ಮ-ದ ಒತ್ತಿ, ಮೂರು ಬೆರಳುಗಳನ್ನೂ ಒಂದೊಂದು ಮನೆ ಕೆಳಕ್ಕಿಳಿಸಿದರೆ ಅದೇ ಸ-ಗ-ಪ! ಪಂಚಮದ ನೆರವಿಲ್ಲದೆಯೇ ಮನೆ ಸೇರಿದೆವು. ಪುಸ್ತಕವು ವಿಚಿತ್ರವೆಂದ ಬಣ್ಣವು ಬಹುಮಟ್ಟಿಗೆ ಈ ಇಳಿತದಲ್ಲಿಯೇ ಇದೆಯೆಂದು ನಮ್ಮ ಅಭಿಪ್ರಾಯ.

ಪೋಷಕರ ದಿನದಂದು ತಾಯಿಯವರು ಬಂದು ಹಿಂದಿನ ಬೆಂಚಿನ ತುದಿಯಲ್ಲಿ ಸೆರಗು ಹೊದ್ದು ಕುಳಿತಿದ್ದರು. ಜನ ಚದರಿದ ಮೇಲೆ ಧೈರ್ಯಮಾಡಿ ಅವರನ್ನು ಸಂಗೀತದ ಕೋಣೆಗೆ ಕರೆದೊಯ್ದು, ಸರಳೆಯ ಮೊದಲ ವರಸೆಯನ್ನು ಸ್ವರಕ್ಕೊಂದು ಕಾರ್ಡಿನಂತೆ ನುಡಿಸಿದೆವು. ಉಪಾಧ್ಯಾಯಿನಿಯವರು ಬಾಗಿಲಲ್ಲಿ ನಿಂತಿದ್ದುದು ನಮಗೆ ತಿಳಿಯದು. ತಾಯಿಯವರು ಕೇಳಿ, "ಸ್ವರವೇನೋ ಸರಿಯಾಗಿದೆ. ಷಡ್ಜ ಎಲ್ಲಿಗೆ ಹೋಯಿತು?" ಎಂದರು.

ನಾವು ಬೆಪ್ಪಾದೆವು. ಅವರ ಮಾತು ನಿಜ. ಕಾರ್ಡು ಬದಲಾದಂತೆಲ್ಲ ಕಾಲ ಕೆಳಗಿನ ನೆಲವೂ ಬದಲಾಗುತ್ತಿದ್ದಿತು. ಮ-ದ-ಸ ನುಡಿದಾಗ ಷಡ್ಜವು ಮನೆಯ ಯಜಮಾನನಾಗಿರದೆ ಮಧ್ಯಮದ ಮನೆಗೆ ಬಂದ ನೆಂಟನಾಗುತ್ತಿದ್ದಿತು. ಶ್ರುತಿಯ ತಂತಿಯನ್ನು ಎಂದೂ ಸುಮ್ಮನಿರಿಸದವರ ಕಿವಿಗೆ ಅದು ಹೇಗೆ ಒಪ್ಪೀತು? ಅವರು ಅಳುಕುತ್ತಲೇ ಬಳಿಗೆ ಬಂದು, ಎಡಗೈಯಲ್ಲಿ ಸ-ಪ ಎರಡನ್ನೇ ಹಿಡಿದಿರುವಂತೆ ಹೇಳಿದರು. ಅದರ ಮೇಲೆ ರಿ-ಮ-ದ ಒತ್ತಿದೆವು. ಕರಕರೆಯಾಯಿತು. ಬೆರಳು ಇಳಿಸಿದೆವು, ಕೋಣೆಯು ತಣ್ಣಗಾಯಿತು.

"ಇನ್ನೊಮ್ಮೆ," ಎಂಬ ಧ್ವನಿ ಬಾಗಿಲಿನಿಂದ ಬಂದಿತು. ಉಪಾಧ್ಯಾಯಿನಿಯವರು ನಾಲ್ಕು ಸಾರಿ ನುಡಿಸಿ ಕೇಳಿ, ಪುಸ್ತಕದ ಆ ಪುಟವನ್ನು ತೆಗೆದು, ರಾಗದ ಹೆಸರನ್ನು ಅಂಚಿನಲ್ಲಿ ಬರೆಯಲು ಸೀಸದಕಡ್ಡಿ ಹಿಡಿದರು. ಮಾಳವದ ಳಕಾರವು ಅವರ ನಾಲಗೆಗೆ ಹೊರಳದು. ತಾಯಿಯವರು ಬೆಂಚಿನ ಮೇಲೆ ಅವರ ಪಕ್ಕದಲ್ಲಿ ಕುಳಿತು, ನಮಗೆ ಸರಳೆ ಹೇಳಿಕೊಟ್ಟಂತೆಯೇ, ಅದನ್ನು ಬಿಡಿಸಿ ಬಿಡಿಸಿ ಹೇಳಿಕೊಟ್ಟರು.