ಬಾಯಿಪಾಠದ ಮರೆಯಲ್ಲಿ

ಬೆಳಗಾವಿ ಜಿಲ್ಲೆಯ ಒಂದು ಊರಿನ ಬಸದಿಯಲ್ಲಿ ದಶಲಕ್ಷಣ ಪರ್ವದ ಸಂಜೆಗಳಂದು ಮಕ್ಕಳಿಂದ ಸ್ತೋತ್ರಪಠಣ ಮಾಡಿಸುವ ವಾಡಿಕೆಯಿದೆ. ಮೂರನೆಯ ತರಗತಿಯ ಬಾಲಕನೊಬ್ಬನು ಅಲ್ಲಿ ಭಕ್ತಾಮರದ 48 ಶ್ಲೋಕಗಳಲ್ಲಿ ಮೊದಲ 12ನ್ನು ಒಂದಕ್ಷರವೂ ತಪ್ಪದಂತೆ ಒಪ್ಪಿಸಿದನು. ಸಂತುಷ್ಟರಾದ ಹಿರಿಯರೊಬ್ಬರು ಕನ್ನಡ ತಾತ್ಪರ್ಯದ ಪುಸ್ತಕವನ್ನು ಅವನ ಕೈಗಿತ್ತು ಒಂದು ಸಾಲು ಓದೆಂದರು. ಬಾಲಕನು ಪುಟವನ್ನು ನೋಡಿದನು; ಬಳಿಕ ತಲೆಯೆತ್ತಿ ಮತ್ತೊಂದು ಶ್ಲೋಕವನ್ನೇ ಹೇಳತೊಡಗಿದನು. ನೆರೆದವರು ನಕ್ಕರು. ಅದು ಕ್ರೂರವಾದ ನಗೆಯೇನಲ್ಲ. ಆದರೂ ಮರುದಿನದಿಂದ ಬಸದಿಗೆ ಹೊರಡುವ ಹೊತ್ತಿಗೆ ಸರಿಯಾಗಿ ಅವನಿಗೆ ಹೊಟ್ಟೆನೋವು ಬರತೊಡಗಿತು.

ಸುಳ್ಳು ಹೇಳುತ್ತಾನೆಂದು ತಂದೆ ಗದರಿದರು. ಸುಳ್ಳು ನಿಜವೇ. ಆದರೆ ಆ ಸುಳ್ಳನ್ನು ಕಲಿಸಿದವರು ಯಾರೆಂಬ ಪ್ರಶ್ನೆಯನ್ನು ಮನೆಯಲ್ಲಿ ಯಾರೂ ಕೇಳಿಕೊಳ್ಳಲಿಲ್ಲ. ಶಾಲೆಯ ಪಾಠಗಳನ್ನೂ ಅವನು ಹೀಗೆಯೇ, ಇತರರು ಓದುವುದನ್ನು ಕೇಳಿ ಕಂಠಸ್ಥ ಮಾಡಿಕೊಂಡು ದಾಟಿದ್ದನು. ಮನೆಪಾಠದವರು ಪ್ರತಿ ಪದವನ್ನು ಹತ್ತು ಸಲ ಬರೆಸುತ್ತಿದ್ದರು. ಅವನು ಚಿತ್ರ ಬಿಡಿಸುವಂತೆ ಅಂದವಾಗಿ ಬರೆಯುತ್ತಿದ್ದನು. ನೋಡಿ ಬರೆಯುವುದು ಓದಲ್ಲವೆಂಬುದು ಎಷ್ಟೋ ಸುಶಿಕ್ಷಿತ ಮನೆಗಳಿಗೂ ತಿಳಿಯದು.

ಕಾರಣವನ್ನು ಕಂಡವರು ನಾಲ್ಕನೆಯ ತರಗತಿಗೇ ಶಾಲೆ ಬಿಟ್ಟಿದ್ದ ಅಜ್ಜಿ. ಒಂದು ಸಂಜೆ ಮೊಮ್ಮಗನು ‘ಸೂರ್ಯ’ ಎಂಬುದನ್ನು ‘ಸೂಯರ’ ಎಂದು ಓದಿದುದನ್ನು ಕೇಳಿ ಅವರು ಬೈಯಲಿಲ್ಲ. ಪುಸ್ತಕವನ್ನು ತಮ್ಮತ್ತ ತಿರುಗಿಸಿಕೊಂಡು ನೋಡಿದರು. ನಾಲಿಗೆಯಲ್ಲಿ ಮೊದಲು ಬರುವ ರಕಾರವು ಕಾಗದದ ಮೇಲೆ ಯಕಾರದ ಬಲಕ್ಕೆ ಕುಳಿತಿರುತ್ತದೆ. ಮಗುವು ಎಡದಿಂದ ಬಲಕ್ಕೆ ಕಂಡಂತೆಯೇ ಓದಿತ್ತು! ತಪ್ಪಿಗೂ ಒಂದು ನ್ಯಾಯವಿತ್ತು.

ನಮ್ಮ ಲಿಪಿಯು ಸುಂದರವಾದುದು, ಆದರೆ ಸುಲಭವಾದುದಲ್ಲ. ದಕಾರಕ್ಕೊಂದು ಸೀಳು ಬಿದ್ದರೆ ಧಕಾರ, ನಡುವೆ ಚುಕ್ಕೆಯಿಟ್ಟರೆ ಥಕಾರ. ಪಕಾರ ಷಕಾರಗಳ ನಡುವೆ ಇರುವುದು ಒಂದು ಗೀರು ಮಾತ್ರ. ಇದರ ಮೇಲೆ ಕಾಗುಣಿತ, ಒತ್ತಕ್ಷರಗಳು ಸೇರಿ ಕಲಿಯಬೇಕಾದ ರೂಪಗಳು ನೂರಾರಾಗುತ್ತವೆ. ಕನ್ನಡ ಮಕ್ಕಳ ಆರಂಭಿಕ ಓದನ್ನು ಕುರಿತು ಸೊನಾಲಿ ನಾಗ್ ಅವರು 2007ರಲ್ಲಿ ಪ್ರಕಟಿಸಿದ ಅಧ್ಯಯನವು ಅಕ್ಷರಗಳ ಈ ಕಲಿಕೆ ನಾಲ್ಕನೆಯ ತರಗತಿಯಲ್ಲಿಯೂ ಮುಂದುವರಿಯುತ್ತದೆಂದು ತೋರಿಸಿತು. ಒಂದನೆಯ ತರಗತಿ ಮುಗಿಯುವುದರೊಳಗೆ ಎಲ್ಲವೂ ಬರಬೇಕೆಂಬ ಪಾಲಕರ ಅವಸರಕ್ಕೆ ಆಧಾರವಿಲ್ಲ.

ಅಜ್ಜಿಗೆ ಈ ಅಧ್ಯಯನಗಳು ತಿಳಿದಿರಲಿಲ್ಲ. ಮೊದಲು ಮಗುವಿನ ಕಣ್ಣು, ಕಿವಿಗಳ ಪರೀಕ್ಷೆ ಮಾಡಿಸಿದರು; ದೋಷವೇನೂ ಇರಲಿಲ್ಲ. ನೆರೆಮನೆಯ ಶಿಕ್ಷಕಿಯೊಬ್ಬರು ನಲಿ-ಕಲಿಯ ಕ್ರಮವನ್ನು ಹೇಳಿಕೊಟ್ಟರು. 1995ರಲ್ಲಿ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ ಆರಂಭವಾದ ಆ ಪದ್ಧತಿಯಲ್ಲಿ ವರ್ಣಮಾಲೆಯ ಅನುಕ್ರಮವಿಲ್ಲ. ರ, ಗ, ಸ, ದ, ಅ ಎಂಬ ಐದರಿಂದ ಮೊದಲು. ಈ ಐದೇ ಅಕ್ಷರಗಳಿಂದ ಸರ, ದರ, ಅರಸ, ಅಗಸ, ಗರಗಸಗಳು ಹುಟ್ಟುತ್ತವೆ. 49 ಅಕ್ಷರಗಳನ್ನು ಉರು ಹೊಡೆದ ಬಳಿಕವಷ್ಟೇ ಅರ್ಥದ ಮುಖ ಕಾಣಬೇಕೆಂಬ ಹಳೆಯ ಕಟ್ಟಳೆ ಇಲ್ಲಿಲ್ಲ. ಅಂದು ರಾತ್ರಿ ಬಾಲಕನು ‘ಗರಗಸ’ವನ್ನು ಹಲಗೆಯ ಮೇಲೆ ತಾನೇ ಕೂಡಿಸಿದನು. ಬಾಯಿಪಾಠದ ನೆರವಿಲ್ಲದೆ ಅವನು ಓದಿದ ಮೊದಲ ಪದ ಬಹುಶಃ ಅದೇ ಇರಬೇಕು.

ದಿನಕ್ಕೆ ಕಾಲು ಗಂಟೆ ಮಾತ್ರ. ಅಜ್ಜಿಯೂ ಜೊತೆಗೆ ದನಿಗೂಡಿಸಿ, ಸಾಲಿನ ಕೆಳಗೆ ಬೆರಳಿಟ್ಟು ಓದುತ್ತಿದ್ದರು. ಅವನು ತಡೆದರೆ ಅವರೂ ತಡೆಯುತ್ತಿದ್ದರು. ಅತಿಥಿಗಳ ಮುಂದೆ ಓದಿಸುವುದನ್ನು ನಿಷೇಧಿಸಿದರು. ಇದಕ್ಕಾಗಿ ಮಗನೊಡನೆ ಎರಡು ಸಲ ಮಾತಿಗೆ ಮಾತು ಬೆಳೆದುದೂ ಉಂಟು. ಇಷ್ಟರಿಂದಲೇ ಎಲ್ಲ ಮಕ್ಕಳಿಗೂ ಓದು ಬರುತ್ತದೆಂದಲ್ಲ. ಇಂತಹ ನೆರವಿನ ನಂತರವೂ ತೊಡಕು ಉಳಿದರೆ ತಜ್ಞರನ್ನು ಕಾಣಬೇಕು. 2016ರ ಅಂಗವಿಕಲರ ಹಕ್ಕುಗಳ ಕಾಯಿದೆಯು ನಿರ್ದಿಷ್ಟ ಕಲಿಕಾ ನ್ಯೂನತೆಯನ್ನು ಮಾನ್ಯ ಮಾಡಿದೆ. ಅಲ್ಲಿಗೆ ಹೋಗುವುದು ಮನೆತನಕ್ಕೆ ಕುಂದೆಂದು ಭಾವಿಸುವವರು ಮಗುವಿಗಿಂತ ಮನೆತನವನ್ನು ಹೆಚ್ಚಾಗಿ ಪ್ರೀತಿಸುವವರು.

ಮರುವರ್ಷದ ಪರ್ವದಲ್ಲಿ ಬಾಲಕನು ಸ್ತೋತ್ರವನ್ನು ಒಪ್ಪಿಸಲಿಲ್ಲ. ತಾತ್ಪರ್ಯದ ಎರಡು ಸಾಲುಗಳನ್ನು ಓದುವೆನೆಂದು ತಾನಾಗಿ ಎದ್ದು ನಿಂತನು. ಓದು ನಿಧಾನವಾಗಿ ಸಾಗಿತು. ‘ಸೂರ್ಯ’ ಎಂಬಲ್ಲಿಗೆ ಬಂದು ಅವನ ಬೆರಳು ನಿಂತಿತು. ಯಾರೋ ಪಿಸುದನಿಯಲ್ಲಿ ಹೇಳಿಕೊಡಲು ಹೊರಟಾಗ ಅಜ್ಜಿ ಕೈಯೆತ್ತಿ ತಡೆದರು. ಬಸದಿಯ ಪ್ರಾಂಗಣದಲ್ಲಿದ್ದವರೆಲ್ಲರೂ ಒಂದು ಒತ್ತಕ್ಷರಕ್ಕಾಗಿ ಕಾದರು.