ಅಂಚಿನವರು, ನಡುವಿನವರು

ಸ್ಕ್ವೇರ್ ಡಾನ್ಸಿನಲ್ಲಿ ಹೆಜ್ಜೆ ಕಲಿಯುವ ಗೋಜಿಲ್ಲ, ನಡೆಯಲು ಬಂದರೆ ಸಾಕು. ಈ ಮಾತನ್ನು ನಂಬಿಯೇ ಅಮೆರಿಕದ ನಿವೃತ್ತರು, ಮಂಡಿನೋವಿನವರು, ತಾಳಜ್ಞಾನ ಅಷ್ಟಕ್ಕಷ್ಟೇ ಇರುವ ನನ್ನಂಥವರು ಧೈರ್ಯವಾಗಿ ಒಳಗೆ ಬರುತ್ತಾರೆ. ಯಾವ ಕಡೆಗೆ ನಡೆಯಬೇಕೆಂಬುದು ಮಾತ್ರ ಹಾಡು ಶುರುವಾದ ಮೇಲೇ ಗೊತ್ತಾಗುವುದು.

ನಾಲ್ಕು ಜೋಡಿ, ಎಂಟು ಜನ, ಚೌಕದ ಒಂದೊಂದು ಬದಿಗೆ ಒಂದೊಂದು ಜೋಡಿ. ಮೈಕ್ ಹಿಡಿದ ಕಾಲರ್ ಆಜ್ಞೆಯ ಮೇಲೆ ಆಜ್ಞೆ ಬಿಡುತ್ತಿರುತ್ತಾನೆ. ಒಂದು ಮುಗಿಯುವ ಮುನ್ನವೇ ಇನ್ನೊಂದು ಕಿವಿಗೆ ಬಿದ್ದಿರುತ್ತದೆ. ಕಿಕ್ಕಿರಿದ ಸಿಟಿ ಬಸ್ಸಿನ ಕಂಡಕ್ಟರನಿಗೆ ರಾಗ ತಾಳ ಎರಡೂ ಒಲಿದಿದ್ದರೆ ಹೀಗೇ ಇರುತ್ತಿದ್ದನೇನೋ! ಮಸುಕಾಗುತ್ತಿದ್ದ ಈ ಕುಣಿತಕ್ಕೆ ಮರುಜೀವ ಕೊಟ್ಟವರು ಕೊಲರಾಡೋದ ಶಾಲೆಯೊಂದರ ಮುಖ್ಯಸ್ಥ ಲಾಯ್ಡ್ ಶಾ. ಅವರ ‘ಕೌಬಾಯ್ ಡಾನ್ಸಸ್’ ಪುಸ್ತಕ 1939ರಲ್ಲಿ ಬಂತು. 1974ರಲ್ಲಿ ಹುಟ್ಟಿದ ಕಾಲರ್‌ಲ್ಯಾಬ್ ಎಂಬ ಸಂಘ ಮುಂದೆ ಆಜ್ಞೆಗಳನ್ನು ಹಂತಹಂತವಾಗಿ ಜೋಡಿಸಿತು: ಮೇನ್‌ಸ್ಟ್ರೀಮ್, ಪ್ಲಸ್, ಆಮೇಲೆ ಅಡ್ವಾನ್ಸ್ಡ್.

ಪ್ಲಸ್‌ನ ಹೊಸ್ತಿಲಲ್ಲೇ ಸಿಗುವುದು ‘ಏಸಿ ಡ್ಯೂಸಿ’. ನನಗೆ ಅಚ್ಚುಮೆಚ್ಚು. ಎಂಟು ಜನ ಎದುರುಬದುರಾಗಿ ಎರಡು ಅಲೆಗಳಲ್ಲಿ ನಿಂತಿದ್ದಾರೆ ಅಂದುಕೊಳ್ಳಿ. ಅಲೆಯೆಂದರೆ ನಾಲ್ವರ ಸಾಲು. ಒಬ್ಬರ ಮುಖ ಆಚೆ, ಪಕ್ಕದವರದು ಈಚೆ, ಕೈಗೆ ಕೈ. ಆಜ್ಞೆ ಬಿದ್ದೊಡನೆ ಪ್ರತಿ ಅಲೆಯ ನಡುವಿನ ಇಬ್ಬರು, ಕೂಡಿಸಿದ ಕೈಯನ್ನೇ ಕೀಲಾಗಿಸಿಕೊಂಡು ಅರ್ಧ ಸುತ್ತು ತಿರುಗಿ ಜಾಗ ಬದಲಿಸುತ್ತಾರೆ. ಇದು ಟ್ರೇಡ್. ಅದೇ ಹೊತ್ತಿಗೆ ಅಂಚಿನವರದು ಸರ್ಕ್ಯುಲೇಟ್: ಎದುರಿನ ಅಲೆಯತ್ತ ಮುಖವಿದ್ದವರು ನೆಟ್ಟಗೆ ನಡೆದು ಅಲ್ಲಿಯ ಅಂಚು ಸೇರುತ್ತಾರೆ, ಹೊರಗೆ ಮುಖವಿದ್ದವರು ತಮ್ಮ ಅಲೆಯನ್ನೇ ಬಳಸಿ ಅದರ ಇನ್ನೊಂದು ಅಂಚಿಗೆ ಬರುತ್ತಾರೆ. ನಾಲ್ಕು ಎಣಿಕೆಗೆ ಕೆಲಸ ಮುಗಿದು ಮತ್ತೆ ಎರಡು ಅಲೆ.

ಟ್ರೇಡ್, ಸರ್ಕ್ಯುಲೇಟ್ ಎರಡೂ ಎಳೆಯರ ಪಾಠವೇ. ಆದರೆ ಇಲ್ಲಿ ಕಾಲರ್ ಅವುಗಳ ಹೆಸರೆತ್ತುವುದಿಲ್ಲ; ಯಾರು ಯಾವುದನ್ನು ಮಾಡಬೇಕೆಂದೂ ಹೇಳುವುದಿಲ್ಲ. ನಾನು ಅಂಚೋ, ನಡುವೋ? ಕಾಲೆತ್ತುವ ಮೊದಲೇ ಉತ್ತರ ಸಿದ್ಧವಿರಬೇಕು. ಅದನ್ನು ಹೇಳುವುದು ಕೈ. ಎರಡೂ ಅಂಗೈಗಳಲ್ಲಿ ಬೇರೆಯವರ ಬೆವರಿದ್ದರೆ ನೀವು ನಡುವಿನವರು. ಒಂದು ಕೈ ಗಾಳಿಯಲ್ಲಿದ್ದರೆ ಅಂಚಿನವರು. ನಡುವಿನವರು ಹೊರಗಿನ ಕೈಯನ್ನು ತಕ್ಷಣ ಬಿಡಬೇಕು. ಸ್ನೇಹಕ್ಕೋ ಗಾಬರಿಗೋ ಹಿಡಿದೇ ಇದ್ದರೆ ಅಂಚಿನವರು ಹೊರಡುವುದೆಂತು?

ಇಷ್ಟು ರೂಢಿಯಾಯಿತು ಎನ್ನುವಾಗ ಕಾಲರ್ ಇದೇ ಆಜ್ಞೆಯ ಇನ್ನೊಂದು ರೂಪವನ್ನು ಬೇರೆ ವಿನ್ಯಾಸದಲ್ಲಿ ಕೊಡುತ್ತಾನೆ: ಮಧ್ಯೆ ಒಂದೇ ಅಲೆ, ಎರಡು ಕಡೆ ಒಂದೊಂದು ಜೋಡಿ. ಆಗ ನಟ್ಟನಡುವಿನ ಇಬ್ಬರಿಗಷ್ಟೇ ಟ್ರೇಡ್. ಉಳಿದ ಆರು ಜನ ಎರಡು ತ್ರಿಕೋನಗಳಾಗಿ ಸುತ್ತುತ್ತಾರೆ. ಇಲ್ಲೇ ಚೌಕಗಳು ಮುರಿದು ಬೀಳುವುದು. ಬಿದ್ದರೆ ಯಾರೂ ಬೈಯುವುದಿಲ್ಲ. ಎದುರುಬದುರು ಎರಡು ಸಾಲು ಕಟ್ಟಿ ನಿಂತರೆ ಸರಿ, ಕಾಲರ್ ಸಮಯ ನೋಡಿ ಮತ್ತೆ ಆಟಕ್ಕೆ ಸೇರಿಸಿಕೊಳ್ಳುತ್ತಾನೆ. ನೃತ್ಯಗಳಲ್ಲಿ ಇಷ್ಟು ಸಭ್ಯವಾದ ಕ್ಷಮೆಯ ಏರ್ಪಾಡನ್ನು ನಾನು ಬೇರೆಲ್ಲೂ ಕಂಡಿಲ್ಲ.

ಜಪಾನ್, ಜರ್ಮನಿಗಳಲ್ಲೂ ಆಜ್ಞೆಗಳು ಇಂಗ್ಲಿಷಿನಲ್ಲೇ. ಹಾಗಾಗಿ ಟೋಕಿಯೋದಲ್ಲಿ ಕಲಿತವರು ಬರ್ಲಿನ್ನಿನ ಚೌಕವನ್ನು ಹೊಕ್ಕು ಕುಣಿಯಬಹುದು. ನಿಮಗೂ ಆಸೆಯಾಗಿದ್ದು ಎಂಟು ಜನ ಸಿಗದಿದ್ದರೆ, ಮುಖ ಯಾವ ಕಡೆಗೆಂದು ಗುರುತು ಹಾಕಿದ ಎಂಟು ಕಾಯಿಗಳನ್ನು ಮೇಜಿನ ಮೇಲಿಟ್ಟು ನಡೆಸಿ ನೋಡಿ. ಎಷ್ಟೋ ಕಾಲರ್‌ಗಳು ಅಭ್ಯಾಸ ಮಾಡುವುದೂ ಹೀಗೆಯೇ.